ಅಂಕಕ್ಕೆ ಅಡ್ಡ ಹಿಡಿದ ಕೈ

ಮಣಿಪಾಲ

ಇಟಲಿಗೆ ಹೊರಡುವ ಹಿಂದಿನ ವಾರ ಮಣಿಪಾಲದ ಅಂಗಡಿಗಳನ್ನೆಲ್ಲ ಸುತ್ತಿ ನಾನು ಕೊಂಡು ತಂದದ್ದು ಪೆನ್ನುಗಳನ್ನು. ಉತ್ತರ ಬರೆಯಲು ನೀಲಿ, ತಲೆಬರಹಕ್ಕೆ ಕಪ್ಪು, ಮೊಕದ್ದಮೆಗಳ ಹೆಸರಿನ ಕೆಳಗೆ ಗೆರೆ ಎಳೆಯಲು ಪೆನ್ಸಿಲು ಮತ್ತು ಸ್ಕೇಲು. ಚಳಿಗೆ ಕೋಟು ಕೊಳ್ಳಬೇಕೆಂದು ನೆನಪಾದದ್ದು ಬಸ್ಸಿನಲ್ಲಿ ಕುಳಿತ ಮೇಲೆ.

"ಅಲ್ಲಿ ಪೆನ್ನು ಸಿಕ್ಕುವುದಿಲ್ವಾ ಮಗಾ?" ಎಂದು ಅಮ್ಮ ಕೇಳಿದರು. ಅಮ್ಮ ಕಾಪುವಿನ ಒಂದು ಶಾಲೆಯಲ್ಲಿ ಟೀಚರ್.

"ಕೈಗೆ ಹೊಂದಿದ ಪೆನ್ನು ಬೇಕಲ್ಲ ಅಮ್ಮ."

"ಅದೂ ಹೌದು" ಎಂದು ಒಪ್ಪಿ, ಅವರೇ ಅವನ್ನು ಸಾಕ್ಸಿನೊಳಗೆ ತುರುಕಿ ಪೆಟ್ಟಿಗೆಯ ಅಂಚಿನಲ್ಲಿ ಭದ್ರವಾಗಿ ಇಟ್ಟರು.

ನಾನು ಉಡುಪಿಯಲ್ಲಿ ಕಾನೂನು ಓದುವವಳು, ಕೊನೆಯ ವರ್ಷ. ಒಂದು ಸೆಮಿಸ್ಟರಿನ ಮಟ್ಟಿಗೆ ಇಟಲಿಯ ಟ್ರಿಯೆಸ್ಟೆ ಎಂಬ ಬಂದರು ಪಟ್ಟಣದ ವಿಶ್ವವಿದ್ಯಾಲಯಕ್ಕೆ ಹೋಗಿ ಓದುವ ಅವಕಾಶ ಸಿಕ್ಕಿತ್ತು. ಅಲ್ಲಿ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ ಎಂದಿದ್ದರು. ಒಂದೇ ಒಂದು ಷರತ್ತು. ಅಲ್ಲಿ ಅಂಕ ಕೊಡುವುದು ಮೂವತ್ತಕ್ಕೆ. ಹದಿನೆಂಟು ಬಂದರೆ ಅವರ ಲೆಕ್ಕದಲ್ಲಿ ಪಾಸು. ಆದರೆ ಹಾನಿ ಮತ್ತು ಪರಿಹಾರದ ಪತ್ರಿಕೆಯಲ್ಲಿ ಇಪ್ಪತ್ತನಾಲ್ಕು ಬಂದರೆ ಮಾತ್ರ ನಮ್ಮ ಕಾಲೇಜು ಅದನ್ನು ಒಪ್ಪುತ್ತದೆ. ಬರದಿದ್ದರೆ ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಕುಳಿತು ಬರೆಯಬೇಕು. ಡಿಗ್ರಿ ಒಂದು ವರ್ಷ ತಡವಾಗುತ್ತದೆ. ಕಾರ್ಕಳದ ಒಬ್ಬ ಹಿರಿಯ ವಕೀಲೆ, "ಪರೀಕ್ಷೆ ಮುಗಿದ ಕೂಡಲೇ ನನ್ನ ಆಫೀಸಿಗೆ ಬಾ" ಎಂದು ಹೇಳಿದ್ದರು. ಅವರು ಒಂದು ವರ್ಷ ಜಾಗ ಖಾಲಿ ಇಟ್ಟುಕೊಂಡು ಕಾಯುವವರಲ್ಲ. ಇಪ್ಪತ್ತನಾಲ್ಕು ಎಂಬ ಸಂಖ್ಯೆ ವಿಮಾನದಲ್ಲಿ ನನ್ನ ಪಕ್ಕದಲ್ಲೇ ಕುಳಿತು ಬಂತು.

ಟ್ರಿಯೆಸ್ಟೆ

ವೆನಿಸ್ಸಿನಿಂದ ರೈಲು ಬಹಳ ಹೊತ್ತು ಹೊಲಗಳ ನಡುವೆ ಓಡಿ, ಕೊನೆಯಲ್ಲಿ ಯಾರೋ ಪರದೆ ಸರಿಸಿದ ಹಾಗೆ ಬಲಗಡೆ ಸಮುದ್ರ ತೆರೆದುಕೊಳ್ಳುತ್ತದೆ. ಊರಿಗೆ ಮೊದಲು ಕಾಣುವುದು ದೀಪಸ್ತಂಭ. ನಮ್ಮ ಕಾಪುವಿನದ್ದು ಸಮುದ್ರದ ಬಂಡೆಯ ಮೇಲೆ ನಿಂತಿದೆ, ಅವರದ್ದು ಗುಡ್ಡದ ಇಳಿಜಾರಿನಲ್ಲಿ. ಅಲೆ ಬಂದು ಬಡಿಯದ ದೀಪಸ್ತಂಭ ನನಗೆ ಸ್ವಲ್ಪ ಸುಳ್ಳು ಸುಳ್ಳಾಗಿ ಕಂಡಿತು. ಅವರ ಸಮುದ್ರವೂ ಹಾಗೆಯೇ, ಸದ್ದಿಲ್ಲ. ಮೀನಿನ ವಾಸನೆಯೂ ಅಷ್ಟಕ್ಕಷ್ಟೆ.

ಮೊದಲ ದಿನವೇ ವಿಶ್ವವಿದ್ಯಾಲಯದ ಆಫೀಸಿನಲ್ಲಿ ಎಡವಟ್ಟಾಯಿತು. ನನ್ನ ಹೆಸರು ಹರ್ಷಿತಾ ಸಾಲಿಯಾನ್. ಆ ಸೀಮೆಯಲ್ಲಿ 'ಆನ್' ಎಂದು ಮುಗಿಯುವ ಮನೆತನದ ಹೆಸರುಗಳು ಬೇಕಾದಷ್ಟಿವೆಯಂತೆ. ಗಾಜಿನ ಹಿಂದಿದ್ದ ಮಹಿಳೆ ಕಾಗದದ ಮೇಲೆ 'ಸಾಲಿಯಾನ್' ಎಂದು ಓದಿದವರೇ, ಪಕ್ಕದೂರಿನ ಹುಡುಗಿ ಬಂದಳೆಂದು ತಿಳಿದು, ತಲೆ ಎತ್ತದೆ ಇಟಾಲಿಯನ್ನಿನಲ್ಲಿ ಮಾತು ಸುರಿಸತೊಡಗಿದರು. ನಡುವೆ ತಡೆಯಲು ನನಗೆ ಸಂಕೋಚ. ಅವರು ಉಸಿರು ತೆಗೆದುಕೊಂಡಾಗಲೆಲ್ಲ "ಸಿ, ಸಿ" ಎಂದೆ. ಹೌದು, ಹೌದು ಎಂದರ್ಥ. ಕಡೆಗೆ ತಲೆ ಎತ್ತಿ ನನ್ನ ಮುಖ ನೋಡಿದವರು ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡು ನಕ್ಕರು. ನಾನು ಅಷ್ಟು ಹೊತ್ತು ಯಾವುದಕ್ಕೆಲ್ಲ ಹೌದು ಎಂದಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಸಂಜೆಯವರೆಗೆ ಅದೇ ಚಿಂತೆ.

ಆಫೀಸಿನಿಂದ ಹೊರಬರುವಾಗ ಮೆಟ್ಟಿಲ ಮೇಲೆ ತಲೆಗೆ ಹಸಿರೆಲೆಯ ದಂಡೆ ಕಟ್ಟಿಕೊಂಡ ಒಬ್ಬ ಹುಡುಗಿ, ಸುತ್ತ ನೆಂಟರು, ಹೂಗುಚ್ಛ, ಫೋಟೊ. ಮದುವೆ ಎಂದುಕೊಂಡು ಗಂಡನ್ನು ಹುಡುಕಿದೆ. ಗಂಡಿರಲಿಲ್ಲ. ಆ ದಿನ ಅವಳು ಡಿಗ್ರಿ ಮುಗಿಸಿದ್ದಳು. ನಮ್ಮಲ್ಲಾದರೆ ಫಲಿತಾಂಶ ಮೊಬೈಲಿನಲ್ಲಿ ಬರುತ್ತದೆ, ಅದೂ ವೆಬ್‌ಸೈಟು ತೆರೆದರೆ.

ಅಡುಗೆಮನೆ

ನಾನಿದ್ದ ಮನೆ ಮೂರನೆಯ ಮಹಡಿಯಲ್ಲಿತ್ತು. ಜೊತೆಗಿದ್ದವಳು ಜೂಲಿಯಾ. ಅವಳೂ ಕಾನೂನು ವಿದ್ಯಾರ್ಥಿನಿ, ಅದೇ ಊರಿನ ಹಿಂದಿನ ಗುಡ್ಡದ ಹಳ್ಳಿಯವಳು. ಜನವರಿಯ ಒಂದು ಮಧ್ಯಾಹ್ನ ಪರೀಕ್ಷೆ ಮುಗಿಸಿ ಬಂದವಳು ಚೀಲವನ್ನು ಕುರ್ಚಿಗೆಸೆದು ಪಾಸ್ತಾಕ್ಕೆ ನೀರಿಟ್ಟಳು.

"ಎಷ್ಟು ಬಂತು?" ಎಂದೆ. ನಮ್ಮೂರಿನವರು ಕೇಳುವ ಹಾಗೆಯೇ ಕೇಳಿದೆನೆಂದು ಆಮೇಲೆ ನಾಚಿಕೆಯಾಯಿತು.

"ಇಪ್ಪತ್ತೇಳು ಕೊಟ್ಟರು. ಬೇಡ ಅಂದೆ."

"ಯಾವುದು ಬೇಡ?"

"ಅಂಕ. ನನಗೆ ಮೂವತ್ತು ಬೇಕು. ಫೆಬ್ರವರಿಯಲ್ಲಿ ಮತ್ತೆ ಹೋಗ್ತೇನೆ."

ನಾನು ಚಮಚ ಹಿಡಿದು ಹಾಗೆಯೇ ನಿಂತೆ. ಅವಳು ವಿವರಿಸಿದಳು. ಅವರಲ್ಲಿ ಹೆಚ್ಚಿನ ಪರೀಕ್ಷೆಗಳು ಬಾಯಿಮಾತಿನವು. ಪ್ರಾಧ್ಯಾಪಕರ ಎದುರು ಕುಳಿತು ಉತ್ತರ ಹೇಳಬೇಕು. ಬಾಗಿಲು ತೆರೆದೇ ಇರುತ್ತದೆ, ಹಿಂದಿನ ಬೆಂಚುಗಳಲ್ಲಿ ಯಾರು ಬೇಕಾದರೂ ಕುಳಿತು ಕೇಳಬಹುದು. ಮುಗಿದ ಮೇಲೆ ಪ್ರಾಧ್ಯಾಪಕರು ಎಲ್ಲರೆದುರೇ ಅಂಕ ಹೇಳಿ, "ಒಪ್ಪುತ್ತೀರಾ?" ಎಂದು ಕೇಳುತ್ತಾರೆ. ಒಪ್ಪಿದರೆ ಬರೆದಾಯಿತು, ಮತ್ತೆ ಬದಲಾಗುವುದಿಲ್ಲ. ಬೇಡವೆಂದರೆ ಅದು ಇಲ್ಲವೇ ಇಲ್ಲ, ಮುಂದಿನ ಕರೆಗೆ, ಅಂದರೆ ಪರೀಕ್ಷೆಯ ಮುಂದಿನ ಸುತ್ತಿಗೆ, ಹೊಸದಾಗಿ ಬರಬೇಕು.

"ಬೇಡ ಅಂದರೆ ಅವರಿಗೆ ಕೋಪ ಬರುವುದಿಲ್ಲವಾ?"

"ಅವರ ಅಂಕ ಅವರ ಹತ್ತಿರವೇ ಉಳಿಯಿತಲ್ಲ, ಕೋಪ ಯಾಕೆ?"

ನಮ್ಮ ಕ್ರಮವನ್ನು ಹೇಳಿದಾಗ ಬೆರಗಾಗುವ ಸರದಿ ಅವಳದ್ದು. ಉತ್ತರ ಪುಸ್ತಿಕೆಯಲ್ಲಿ ನಮ್ಮ ಹೆಸರು ಬರೆಯುವ ಹಾಗಿಲ್ಲ, ಬರೆದರೆ ಅದು ಅಕ್ರಮ. ರಿಜಿಸ್ಟರ್ ನಂಬರ್ ಮಾತ್ರ. ಪುಸ್ತಿಕೆ ಯಾವುದೋ ಊರಿಗೆ ಹೋಗುತ್ತದೆ, ಮುಖ ನೋಡದ ಯಾರೋ ತಿದ್ದುತ್ತಾರೆ. ಅಂಕ ಕಡಿಮೆಯೆನಿಸಿದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು.

"ನಿನ್ನ ಮುಖವನ್ನೇ ನೋಡದೆ ನಿನಗೆ ಅಂಕ ಕೊಡ್ತಾರಾ? ಎಂಥ ಕ್ರೌರ್ಯ!" ಎಂದಳು.

ನನಗೆ ಅದರಷ್ಟು ದಯೆಯ ಕ್ರಮ ಇನ್ನೊಂದಿಲ್ಲ ಎನಿಸಿತ್ತು. ತರಗತಿಯಲ್ಲಿ ಕೈ ಎತ್ತಲು ಹೆದರುತ್ತಿದ್ದ ನನ್ನಂಥವಳು ಇಷ್ಟು ದೂರ ಬಂದದ್ದೇ ಆ ಪುಸ್ತಿಕೆಯ ಮರೆಯಲ್ಲಿ. ಪರೀಕ್ಷೆಗೆಂದೇ ಇಟ್ಟುಕೊಂಡಿದ್ದ ಸಾಕ್ಸಿನೊಳಗಿನ ಪೆನ್ನುಗಳನ್ನು ನಾನಿನ್ನೂ ಹೊರತೆಗೆದಿರಲಿಲ್ಲ. ತೆಗೆಯುವ ಅಗತ್ಯವೇ ಬರುವುದಿಲ್ಲವೆಂದು ಆ ಮಧ್ಯಾಹ್ನ ತಿಳಿಯಿತು.

ಮೊದಲ ಕರೆ

ಪರೀಕ್ಷೆಯ ದಿನ ಬೆಳಿಗ್ಗೆ ಬೋರಾ ಬೀಸುತ್ತಿತ್ತು. ಬೋರಾ ಅಂದರೆ ಗುಡ್ಡದಿಂದ ಸಮುದ್ರದ ಕಡೆ ಇಳಿಯುವ ಅಲ್ಲಿಯ ಚಳಿಗಾಳಿ. ನಮ್ಮ ಜೂನ್ ತಿಂಗಳ ಗಾಳಿ ಮಳೆಯನ್ನು ಹೊತ್ತು ಬರುತ್ತದೆ, ಬೈಯಲು ಮಳೆಯಾದರೂ ಇರುತ್ತದೆ. ಇದು ಬರಿಗೈಯಲ್ಲಿ ಬಂದು ಮನುಷ್ಯರನ್ನು ನೂಕುತ್ತದೆ. ಇಳಿಜಾರಿನ ರಸ್ತೆಗಳಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿದ್ದಾರೆ. ನಾನು ಕಂಬಿಯಿಂದ ಕಂಬಿಗೆ ಹೋಗಿ ಸಭಾಂಗಣ ಸೇರಿದೆ.

ಬಾಗಿಲಲ್ಲಿ ಜೂಲಿಯಾ, "ತೋಳದ ಬಾಯಿಗೆ!" ಎಂದಳು. ಅಲ್ಲಿ ಪರೀಕ್ಷೆಗೆ ಹೋಗುವವರಿಗೆ ಒಳ್ಳೆಯದಾಗಲಿ ಎನ್ನುವುದು ಅಪಶಕುನವಂತೆ. ತೋಳ ಸಾಯಲಿ ಎಂದು ಉತ್ತರಿಸಬೇಕು. ನಾನು ಥ್ಯಾಂಕ್ಸ್ ಎಂದೆ. ಅವಳು ತಲೆ ಚಚ್ಚಿಕೊಂಡಳು.

ಪ್ರಾಧ್ಯಾಪಕಿ ವಯಸ್ಸಾದವರು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡಿದ್ದರು. ಎದುರಿಗೆ ಒಂದು ಖಾಲಿ ಕುರ್ಚಿ. ಹಿಂದೆ ಬೆಂಚುಗಳ ತುಂಬ ವಿದ್ಯಾರ್ಥಿಗಳು, ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳುತ್ತಿದ್ದರು. ನಾವು ಹಳೆಯ ಪ್ರಶ್ನೆಪತ್ರಿಕೆಗಳನ್ನು ಜೆರಾಕ್ಸ್ ಮಾಡಿಸುವುದೂ ಇದಕ್ಕೇ ತಾನೆ. "ಸಾಲಿಯಾನ್" ಎಂದು ಕೂಗಿದರು. ಅಷ್ಟು ಜನರ ನಡುವೆ ನನ್ನ ಹೆಸರು ಪರೀಕ್ಷೆಯಲ್ಲಿ ಕೇಳಿದ್ದು ಅದೇ ಮೊದಲು. ಏನೋ ಅಕ್ರಮ ನಡೆಯುತ್ತಿದೆ ಎನಿಸಿತು.

ಹೋಗಿ ನಿಂತೆ. ಅವರು ಕುರ್ಚಿ ತೋರಿಸಿದರು. ನಾನು ನಿಂತೇ ಇದ್ದೆ.

"ಕೂತರೆ ನನ್ನ ಕುತ್ತಿಗೆಗೆ ಉಪಕಾರ ಆಗ್ತದೆ" ಎಂದರು. ಹಿಂದಿನ ಬೆಂಚು ನಕ್ಕಿತು.

ಕುಳಿತೆ. ಅವರು ಕಿಟಕಿಯ ಕಡೆ ನೋಡಿ ಪ್ರಶ್ನೆ ಕೇಳಿದರು. "ಸಮುದ್ರದ ರಸ್ತೆಯಲ್ಲಿ ಒಂದು ಮನೆ. ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ಹೂವಿನ ಕುಂಡ. ಇವತ್ತಿನಂಥ ಗಾಳಿಗೆ ಅದು ಕೆಳಗಿದ್ದ ಸ್ಕೂಟರಿನ ಮೇಲೆ ಬಿತ್ತು. ನಷ್ಟ ಕೊಡಬೇಕಾದವರು ಯಾರು?"

ನನಗೆ ಗೊತ್ತಿದ್ದ ವಿಷಯ. ಹಾಗಾಗಿಯೇ ಕೆಟ್ಟಿತು. ಹದಿನೈದು ಅಂಕದ ಪ್ರಶ್ನೆಗೆ ಬರೆಯುವ ಕ್ರಮದಲ್ಲೇ ಶುರುಮಾಡಿದೆ. ಮೊದಲು ಪೀಠಿಕೆ. ಆಮೇಲೆ 'ದೈವಕೃತ್ಯ' ಎಂಬುದರ ವ್ಯಾಖ್ಯೆ, ಅಂದರೆ ಮನುಷ್ಯರ ಕೈಮೀರಿದ ಗಾಳಿ ಮಳೆ ಭೂಕಂಪಗಳಿಗೆ ಯಾರೂ ಹೊಣೆಯಲ್ಲ ಎಂಬ ತತ್ತ್ವ. ಅದರ ಇತಿಹಾಸ. ನಾಲ್ಕು ಲಕ್ಷಣಗಳು. ಇಂಗ್ಲೆಂಡಿನ ಮೊಕದ್ದಮೆ, ನಮ್ಮ ಹೈಕೋರ್ಟುಗಳ ಮೊಕದ್ದಮೆ. ಹೆಸರುಗಳು ಬಂದಾಗ ನನ್ನ ಬಲಗೈ ಮೇಜಿನ ಮೇಲೆ ತಾನಾಗಿ ಗೆರೆ ಎಳೆಯುತ್ತಿತ್ತು. ನಮ್ಮಲ್ಲಿ ಪುಟ ತುಂಬಿದಷ್ಟೂ ಧೈರ್ಯ. ಎಲ್ಲೋ ಒಂದು ಸಾಲು ತಿದ್ದುವವರ ಮನಸ್ಸಿಗೆ ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ ಗೊತ್ತಿದ್ದದ್ದನ್ನೆಲ್ಲ ಸುರಿಯುತ್ತೇವೆ.

ಅವರು ಕೈ ಎತ್ತಿದರು. "ತುಂಬ ಓದಿದ್ದೀರಿ. ಈಗ ಹೇಳಿ, ಯಾರು ಕೊಡಬೇಕು?"

"ಅದು ಸಂದರ್ಭವನ್ನು ಅವಲಂಬಿಸಿದೆ."

"ಸಂದರ್ಭ ಹೇಳಿದೆನಲ್ಲ. ಕುಂಡ, ಗಾಳಿ, ಸ್ಕೂಟರು. ನೀವೇ ನ್ಯಾಯಾಧೀಶರು."

ನ್ಯಾಯಾಧೀಶರು ಹೇಳಿದ್ದನ್ನು ನಾನು ಐದು ವರ್ಷ ಬಾಯಿಪಾಠ ಮಾಡಿದ್ದೆ. ನೀನೇ ಹೇಳು ಎಂದು ಯಾರೂ ಕೇಳಿರಲಿಲ್ಲ. ಇನ್ನೊಂದು ಮೊಕದ್ದಮೆಯ ಹೆಸರು ಹೇಳಿ, ಅದಕ್ಕೂ ಮೇಜಿನ ಮೇಲೆ ಗೆರೆ ಎಳೆದೆ.

ಇನ್ನೆರಡು ಪ್ರಶ್ನೆ ಕೇಳಿದರು, ಹೇಗೋ ಉತ್ತರಿಸಿದೆ. ಆಮೇಲೆ ಅವರು ಕನ್ನಡಕ ಏರಿಸಿ, ಎದುರಿನ ಹಾಳೆಯಲ್ಲಿ ನನ್ನ ಹೆಸರಿನ ಸಾಲಿಗೆ ಪೆನ್ನು ತಂದು, "ಇಪ್ಪತ್ತೆರಡು. ಒಪ್ಪುತ್ತೀರಾ?" ಎಂದರು.

ಇಪ್ಪತ್ತೆರಡು. ಒಪ್ಪಿದರೆ ಇಲ್ಲಿ ಪಾಸು, ಉಡುಪಿಯಲ್ಲಿ ಏನೂ ಅಲ್ಲ. ಬೇಡವೆಂದರೆ ಫೆಬ್ರವರಿಯ ಕರೆ ಒಂದೇ ಉಳಿಯುತ್ತದೆ, ಅದಾದ ಮೇಲೆ ನನ್ನ ವೀಸಾ ಮುಗಿಯುತ್ತದೆ. ಅಲ್ಲಿ ಇದಕ್ಕಿಂತಲೂ ಕಡಿಮೆ ಬಂದರೆ? ಬೇಡ ಎನ್ನಬೇಕೆಂದು ಬುದ್ಧಿಗೆ ಗೊತ್ತಿತ್ತು. ಆದರೆ ಗುರುಗಳು ಕೈಯಾರೆ ಕೊಟ್ಟದ್ದನ್ನು ಮುಖಕ್ಕೆ ಮುಖ ಕೊಟ್ಟು ಬೇಡ ಎನ್ನುವ ಮಾತು ನನ್ನ ಗಂಟಲಿನಲ್ಲಿ ಯಾರೂ ಇಟ್ಟಿರಲಿಲ್ಲ. ನನ್ನ ಮೌನವನ್ನು ಒಪ್ಪಿಗೆಯೆಂದು ತಿಳಿದು ಅವರ ಪೆನ್ನು ಹಾಳೆಗೆ ಇಳಿಯಿತು.

ಆಗ ನನ್ನ ಎರಡೂ ಕೈ ಮುಂದೆ ಹೋದವು. ಬಾಳೆಎಲೆಯ ಮುಂದೆ ಕುಳಿತಾಗ ಪಾಯಸದ ಸೌಟು ಎರಡನೆಯ ಸಲ ಇಳಿದು ಬಂದರೆ ಹೇಗೆ ಅಂಗೈ ಅಡ್ಡ ಹಿಡಿದು ಎಲೆಯ ಮೇಲೆ ಬಾಗುತ್ತೇವೋ, ಹಾಗೆಯೇ ನಾನು ಆ ಹಾಳೆಯ ಮೇಲೆ ಅಡ್ಡ ಬಾಗಿದ್ದೆ.

ಪೆನ್ನು ನನ್ನ ಬೆರಳಿಗೆ ತಾಗಿ ನಿಂತಿತು. ಪ್ರಾಧ್ಯಾಪಕಿ ನನ್ನ ಕೈಯನ್ನೂ ಮುಖವನ್ನೂ ನೋಡಿದರು.

"ಇದು ಬೇಡ ಎಂದೋ, ಅಥವಾ ನನ್ನ ಹಾಳೆ ನಿಮಗೆ ಬೇಕೋ?"

"ಬೇಡ" ಎಂದೆ. ಇಂಗ್ಲಿಷಿನಲ್ಲಿ ಹೇಳಿದೆನೋ ಕನ್ನಡದಲ್ಲೋ ನೆನಪಿಲ್ಲ. ಬೆರಳಿನ ಮೇಲೆ ಶಾಯಿಯ ಒಂದು ಗೀಟು ಉಳಿದಿತ್ತು.

ಕೆಳಗಿನ ಮನೆ

ಆ ಸಂಜೆ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಆ ಕಡೆ ಕಾಪುವಿನಲ್ಲಿ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು.

"ಟೀಚರಿಗೆ ಕೈ ಅಡ್ಡ ಹಿಡಿದೆಯಾ?"

"ಹ್ಞೂಂ."

"ನನ್ನ ಕ್ಲಾಸಿನ ಮಕ್ಕಳು ಯಾರಾದರೂ ಹಾಗೆ ಮಾಡಿದ್ದರೆ ಎಂತ ಮಾಡ್ತಿದ್ದೆನೋ ನನಗೇ ಗೊತ್ತಿಲ್ಲ ಮಾರಾಯ್ತಿ" ಎಂದರು. ಆಮೇಲೆ, "ಕೈ ಅಡ್ಡ ಹಿಡಿಯುವುದಕ್ಕೆ ತೊಂದರೆ ಇಲ್ಲ. ಇನ್ನೊಂದು ಸಲ ಬಡಿಸ್ಲಿಕ್ಕೆ ಬರುವವರು ಉಂಟಾ ಅಂತ ನೋಡಿಕೊಂಡು ಹಿಡಿಯಬೇಕು."

"ಫೆಬ್ರವರಿಯಲ್ಲಿ ಒಂದು ಸಲ ಉಂಟು ಅಮ್ಮ. ಅಷ್ಟೇ."

"ಹಾಗಾದರೆ ಹಸಿವು ಇಟ್ಟುಕೋ."

ಹಸಿವಿರಲಿಲ್ಲ. ಮುಂದಿನ ದಿನಗಳಲ್ಲಿ ಓದಿದ್ದೇ ಓದಿದೆ. ಪುಟ ತಿರುಗಿಸಿದಂತೆ ಹೆದರಿಕೆ ಹೆಚ್ಚುತ್ತಿತ್ತು, ಏಕೆಂದರೆ ನನಗೆ ತಪ್ಪಿದ್ದು ಯಾವ ಪುಟದಲ್ಲೂ ಇರಲಿಲ್ಲ. ಬೀದಿಯಲ್ಲಿ ನಡೆಯುವಾಗ ತಲೆ ಎತ್ತಿ ಬಾಲ್ಕನಿಗಳ ಕುಂಡಗಳನ್ನು ನೋಡುವುದು ಅಭ್ಯಾಸವಾಯಿತು. ಅಲ್ಲಿಯವರು ಏನು ತಿಳಿದುಕೊಂಡರೋ.

ಒಂದು ಬೆಳಿಗ್ಗೆ ಒಗೆದ ಬಟ್ಟೆಯನ್ನು ಕಿಟಕಿಯ ಹೊರಗಿನ ಹಗ್ಗಕ್ಕೆ ಹಾಕಿ ಓದಲು ಕುಳಿತಿದ್ದೆ. ಗಾಳಿ ಎದ್ದದ್ದು ತಿಳಿಯಲಿಲ್ಲ. ಬಾಗಿಲು ತಟ್ಟಿದ ಸದ್ದಿಗೆ ತೆರೆದರೆ, ಕೆಳಗಿನ ಮನೆಯ ಮುದುಕರು ನನ್ನ ಹಳದಿ ದುಪಟ್ಟಾವನ್ನು ಮಡಚಿ ಹಿಡಿದುಕೊಂಡು ನಿಂತಿದ್ದರು. ಅವರ ಬಾಲ್ಕನಿಯ ರೋಸ್‌ಮೇರಿ ಗಿಡಕ್ಕೆ ಸುತ್ತಿಕೊಂಡು ಎರಡು ಕೊಂಬೆ ಮುರಿದಿತ್ತಂತೆ.

"ಕ್ಷಮಿಸಿ, ಗಾಳಿ ಬಂತು" ಎಂದೆ.

ಜೂಲಿಯಾ ಹಿಂದಿನಿಂದ ಬಂದು, ಅವರು ಅಂದದ್ದನ್ನು ನಗುತ್ತ ತಿಳಿಸಿದಳು. "ಗಾಳಿ ಬಂತು ಅನ್ನಬೇಡ, ಅದು ಇಲ್ಲಿಯದ್ದೇ. ಬಂದವಳು ನೀನು. ಬಟ್ಟೆಗೆ ಕ್ಲಿಪ್ಪು ಹಾಕು ಅಂತಾರೆ."

ಬಾಗಿಲು ಹಾಕಿಕೊಂಡು ದುಪಟ್ಟಾ ಹಿಡಿದು ಹಾಗೆಯೇ ಕುಳಿತೆ. ಕಾಪುವಿನಲ್ಲಿ ಮಳೆಗಾಲ ಹಿಡಿಯುವ ಮೊದಲು ರಸ್ತೆಗೆ ಬಾಗಿದ ತೆಂಗಿನಮರದ ಕಾಯಿಯನ್ನೂ ಒಣಗಿದ ಮಡಲನ್ನೂ ಇಳಿಸುತ್ತೇವೆ. ಇಳಿಸದೆ ಯಾರ ಕಾರಿನ ಮೇಲಾದರೂ ಬಿದ್ದರೆ, ಗಾಳಿ ಬಂತು ಎಂದರೆ ನಮ್ಮಲ್ಲೂ ಯಾರೂ ಕೇಳಿಕೊಂಡು ಸುಮ್ಮನಿರುವುದಿಲ್ಲ. ಇದು ನನಗೆ ಲಂಗ ಉಡುವ ವಯಸ್ಸಿನಿಂದ ಗೊತ್ತು. ಉತ್ತರವೆಂದು ಬರೆಯಬಹುದಾದ ಮಾತು ಇದು ಎಂದು ಮಾತ್ರ ಗೊತ್ತಿರಲಿಲ್ಲ.

ಎರಡನೆಯ ಕರೆ

ಗೊತ್ತಾದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲ. ಫೆಬ್ರವರಿಯ ಆ ಬೆಳಿಗ್ಗೆ ಗಾಳಿ ಇರಲಿಲ್ಲ, ಆದರೂ ನಾನು ಕಂಬಿ ಹಿಡಿದೇ ನಡೆದೆ. ಜೂಲಿಯಾ "ತೋಳದ ಬಾಯಿಗೆ" ಎಂದಳು, "ಸಾಯಲಿ" ಎಂದೆ. ಆ ತೋಳದ ಮೇಲೆ ನನಗೆ ನಿಜಕ್ಕೂ ದ್ವೇಷವಿತ್ತು. ಹಿಂದಿನ ಬೆಂಚುಗಳು ಈ ಸಲ ಇನ್ನೂ ತುಂಬಿದ್ದವು. ಹಾಳೆಗೆ ಕೈ ಅಡ್ಡ ಹಿಡಿದ ಹುಡುಗಿಯ ಸುದ್ದಿ ಹಬ್ಬಿತ್ತು ಎಂದು ಅವಳು ಆಮೇಲೆ ಹೇಳಿದಳು. ಮೊದಲೇ ಹೇಳಿದ್ದರೆ ನಾನು ಒಳಗೇ ಹೋಗುತ್ತಿರಲಿಲ್ಲ.

ಹೆಸರು ಕೂಗಿದ ಕೂಡಲೇ ಹೋಗಿ ಕುಳಿತೆ. ಪ್ರಾಧ್ಯಾಪಕಿ ನನ್ನನ್ನು ಗುರುತಿಸಿದರು.

"ಸಾಲಿಯಾನ್. ಆ ಕುಂಡ ಇನ್ನೂ ರಸ್ತೆಯಲ್ಲೇ ಬಿದ್ದಿದೆ. ಯಾರಾದರೂ ತೀರ್ಮಾನ ಮಾಡಬೇಕು."

ನಾಲಿಗೆಯ ತುದಿಗೆ ಪೀಠಿಕೆ ಬಂತು. ನುಂಗಿಕೊಂಡೆ. "ಬಾಲ್ಕನಿಯವರು ಕೊಡಬೇಕು" ಎಂದೆ. ಅಷ್ಟು ಚಿಕ್ಕ ಉತ್ತರ ನಾನು ಜೀವಮಾನದಲ್ಲಿ ಕೊಟ್ಟಿರಲಿಲ್ಲ. ಬಟ್ಟೆಯಿಲ್ಲದೆ ನಿಂತ ಹಾಗಾಯಿತು.

"ಗಾಳಿ ದೈವಕೃತ್ಯ ಅಲ್ಲವೇ? ಹೋದ ಸಲ ನೀವೇ ನಾಲ್ಕು ಲಕ್ಷಣ ಹೇಳಿದ್ದಿರಿ."

"ಊಹಿಸಲು ಆಗದಿದ್ದರೆ ಮಾತ್ರ. ಇಲ್ಲಿ ಬೋರಾ ಬೀಸುತ್ತದೆಂದು ಎಲ್ಲರಿಗೂ ಗೊತ್ತು. ರಸ್ತೆಗೇ ಕಂಬಿ ಹಾಕಿದ್ದೀರಿ. ಕಂಬಿ ಹಾಕಿದ ಊರಿನಲ್ಲಿ ಕುಂಡ ಕಟ್ಟದವರು ಗಾಳಿಯನ್ನು ದೂರುವ ಹಾಗಿಲ್ಲ."

ಅವರ ಹುಬ್ಬು ಏರಿತು. "ಬಾಲ್ಕನಿಯವರು ಆ ವಾರವಷ್ಟೇ ಬೇರೆ ದೇಶದಿಂದ ಬಂದವರಾದರೆ?"

ಇದನ್ನು ನಾನು ಎಣಿಸಿರಲಿಲ್ಲ. ಹಳದಿ ದುಪಟ್ಟಾ ಕಣ್ಣಮುಂದೆ ಹಾರಿತು.

"ಆದರೂ ಅವರೇ ಕೊಡಬೇಕು" ಎಂದೆ. "ಗಾಳಿ ಹೊಸದಲ್ಲ, ಅವರು ಹೊಸಬರು. ಕೇಳಿ ತಿಳಿದುಕೊಳ್ಳಬೇಕಿತ್ತು." ಆಮೇಲೆ ಯಾರೂ ಕೇಳದಿದ್ದರೂ ನಮ್ಮೂರಿನ ತೆಂಗಿನಕಾಯಿಯ ವಿಷಯವನ್ನೂ ಹೇಳಿದೆ. ಹಿಂದೆ ಯಾರೋ ಬರೆದುಕೊಳ್ಳುವ ಸದ್ದು ಕೇಳಿತು.

ಮತ್ತೆ ಕೆಲವು ಪ್ರಶ್ನೆ. ಒಂದಕ್ಕೆ ಗೊತ್ತಿಲ್ಲ ಎಂದೆ. ಪುಟ ತುಂಬಿಸಲು ಹೋಗಲಿಲ್ಲ. ಅವರು ಕನ್ನಡಕ ಏರಿಸಿದರು, ಪೆನ್ನು ಎತ್ತಿದರು.

"ಇಪ್ಪತ್ತಾರು" ಎಂದರು. ಒಪ್ಪುತ್ತೀರಾ ಎಂದು ಕೇಳಲಿಲ್ಲ. ಪೆನ್ನನ್ನು ಹಾಳೆಯಿಂದ ಸ್ವಲ್ಪ ಮೇಲೆ ಹಿಡಿದು ನನ್ನ ಕೈಗಳನ್ನೇ ನೋಡುತ್ತ ಕುಳಿತರು. ಬೆಂಚುಗಳೂ ನೋಡುತ್ತಿದ್ದವು. ಜೂಲಿಯಾ ದೂರದಿಂದ ತಲೆ ಅಲ್ಲಾಡಿಸುತ್ತಿದ್ದಳು, ಬೇಡವೆನ್ನು, ಇನ್ನೂ ಸಿಗುತ್ತದೆ ಎಂಬಂತೆ.

ನಾನು ಎರಡೂ ಕೈಯನ್ನು ಮೇಜಿನ ಕೆಳಗೆ, ಮಡಿಲಲ್ಲಿ ಇಟ್ಟುಕೊಂಡೆ.

ಅವರು ಬರೆದರು.

ಉಡುಪಿ

ಕಾಲೇಜು ಆ ಅಂಕವನ್ನು ಒಪ್ಪಿತು. ಕಾರ್ಕಳದ ವಕೀಲೆ "ಬರುವಾಗ ಕಪ್ಪು ಕೋಟು ಹೊಲಿಸಿಕೊಂಡು ಬಾ, ಅಲ್ಲಿಂದ ತಂದ ಕೋಟು ಇಲ್ಲಿ ಬೇಯುತ್ತದೆ" ಎಂದರು. ಅಮ್ಮ ಪೆಟ್ಟಿಗೆ ಬಿಚ್ಚುವಾಗ ಸಾಕ್ಸಿನಿಂದ ಪೆನ್ನುಗಳನ್ನು ತೆಗೆದು, "ಒಂದೂ ಮುಗಿದಿಲ್ಲ, ಎಂತ ಓದಿದ್ದು ನೀನು?" ಎಂದು ನಕ್ಕರು.

ಉಳಿದ ಪತ್ರಿಕೆಗಳ ಪರೀಕ್ಷೆಗೆ ಆ ಪೆನ್ನುಗಳೇ ಆದವು. ಉಡುಪಿಯಲ್ಲಿ ಕಡೆಯ ಪತ್ರಿಕೆಯ ದಿನ ಸೆಕೆ ಜೋರಿತ್ತು. ಪುಸ್ತಿಕೆಯಲ್ಲಿ ಹೆಸರಿಲ್ಲ, ರಿಜಿಸ್ಟರ್ ನಂಬರ್ ಮಾತ್ರ. ಮೊದಲು ನನಗೆ ಇಷ್ಟವಾಗುತ್ತಿದ್ದ ಆ ಮರೆ ಹಾಗೆಯೇ ಇತ್ತು. ಕೊನೆಯ ಪ್ರಶ್ನೆ ಒಂದು ಸಮಸ್ಯೆ, 'ನಿರ್ಣಯಿಸಿ' ಎಂದಿದ್ದರು. ನಿರ್ಣಯವನ್ನು ಮೊದಲ ಸಾಲಿನಲ್ಲೇ ಬರೆದೆ, ಕಾರಣವನ್ನು ಆಮೇಲೆ. ಪುಟ ಅರ್ಧ ಖಾಲಿ ಉಳಿಯಿತು. ಆ ಖಾಲಿಯನ್ನು ತುಂಬಿಸೋಣವೆಂದು ಎತ್ತಿದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದೆ. ಇದನ್ನು ತಿದ್ದುವವರು ನನ್ನನ್ನು ಏನೂ ಕೇಳುವುದಿಲ್ಲ, ಒಪ್ಪುತ್ತೀಯಾ ಎಂದಂತೂ ಕೇಳುವುದೇ ಇಲ್ಲ.

ಬೆಲ್ ಆಯಿತು. ಮೇಲ್ವಿಚಾರಕಿ ಸಾಲಾಗಿ ಪುಸ್ತಿಕೆ ತೆಗೆದುಕೊಳ್ಳುತ್ತ ಬಂದು ನನ್ನ ಬೆಂಚಿನ ಬಳಿ ನಿಂತರು. ಪುಸ್ತಿಕೆ ಎಳೆದರು. ಬರಲಿಲ್ಲ.

"ಕೈ ತೆಗಿ ಮಾರಾಯ್ತಿ" ಎಂದರು.

ನೋಡಿದರೆ, ನನ್ನ ಎರಡೂ ಅಂಗೈ ಅದರ ಮೇಲೆ ಅಡ್ಡ ಇದ್ದವು.